ಚಿತ್ರಕ್ಕೆ ಎರಡನೆಯ ಕಣ್ಣು

ಒಗೆದ ಬಟ್ಟೆ ಒಣಗುವ ಬಗೆಯೇ ಬೇರೆ, ಎಣ್ಣೆಬಣ್ಣದ ಚಿತ್ರ ಒಣಗುವ ಬಗೆಯೇ ಬೇರೆ. ಬಟ್ಟೆಯಿಂದ ನೀರು ಆವಿಯಾಗಿ ಹೋಗುತ್ತದೆ. ಜಲವರ್ಣದಲ್ಲಿ ನಡೆಯುವುದೂ ಅಷ್ಟೇ. ಆದರೆ ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ದ್ರವವಾಗಿದ್ದದ್ದು ಗಟ್ಟಿ ಪದರವಾಗುತ್ತದೆ. ಹೀಗೆ ಒಣಗುವಾಗ ಎಣ್ಣೆಯ ತೂಕ ಇಳಿಯುವ ಬದಲು ಮೊದಮೊದಲು ಕೊಂಚ ಏರುವುದೂ ಉಂಟು. ತೆಳುವಾಗಿ ಬಳಿದ ಬಣ್ಣ ಕೈಗೆ ಅಂಟದಂತಾಗಲು ಕೆಲವು ದಿನ ಬೇಕು. ದಪ್ಪಗೆ ಮೆತ್ತಿದ್ದರೆ ವಾರಗಳು ಬೇಕು. ಒಳಗಿನವರೆಗೂ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ.

ಕಲಾವಿದರು ಪಾಲಿಸುವ ಕೆಲವು ಕಟ್ಟುಪಾಡುಗಳ ಮೂಲ ಇಲ್ಲಿದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ ಇರಬೇಕು, ಮೇಲಿನ ಪದರದಲ್ಲಿ ಹೆಚ್ಚಿರಬೇಕು. ಇದು ತಿರುಗುಮುರುಗಾದರೆ ಮೇಲಿನದು ಬೇಗ ಬಿಗಿದುಕೊಂಡು, ಕೆಳಗಿನದು ಇನ್ನೂ ಜಗ್ಗುತ್ತಿರುವಾಗಲೇ ಬಿರುಕು ಬಿಡುತ್ತದೆ. ಆಮ್ಲಜನಕ ಹೀರುವಾಗ ಶಾಖ ಹುಟ್ಟುವುದರಿಂದ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಹರಡಿ ಒಣಗಿಸಬೇಕು. ನಮ್ಮ ಕರಾವಳಿಯ ಮಳೆಗಾಲಕ್ಕೆ ಇನ್ನೆರಡು ಮಾತು ಸೇರಿಸಬೇಕು. ತೇವದ ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ. ಕತ್ತಲಲ್ಲಿ ಬಹುಕಾಲ ಇಟ್ಟರೆ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಬೆಳಕಿಗೆ ಇಟ್ಟಾಗ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ.

ಈ ನಿಧಾನ ಹೊಸಬರಿಗೆ ಬೇಸರ ತರಿಸುತ್ತದೆ. ಆದರೆ ತೈಲವರ್ಣದ ದೊಡ್ಡ ಉಪಕಾರವೂ ಇದೇ ಆಗಿದೆ. ಜಲವರ್ಣದಲ್ಲಿ ತಪ್ಪಿದ ಗೆರೆ ಕಾಗದಕ್ಕೆ ಇಳಿದುಬಿಡುತ್ತದೆ. ಎಣ್ಣೆಬಣ್ಣದಲ್ಲಿ ಇವತ್ತು ಹಚ್ಚಿದ್ದನ್ನು ನಾಳೆ ಚಾಕುವಿನಿಂದ ಕೆರೆದು ತೆಗೆಯಬಹುದು, ನಾಡಿದ್ದು ಅದರ ಮೇಲೆಯೇ ಬೇರೆ ಬಣ್ಣ ಇಡಬಹುದು. ತಿದ್ದಲು ಇಷ್ಟು ಸಮಯ ಸಿಕ್ಕಿದೆ. ಆದರೆ ಏನನ್ನು ತಿದ್ದಬೇಕೆಂದು ಬರೆದವನಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ಕಣ್ಣಿನ ವಿಚಾರ ಬರುತ್ತದೆ. ಕಾರ್ಕಳದ ಕಡೆಯ ಗದ್ದೆಯೊಂದರ ಅಂಚಿನಲ್ಲಿ ಈಸೆಲ್ ಇಟ್ಟುಕೊಂಡು ನೇಜಿಯ ಹಸಿರನ್ನು ಬರೆಯುತ್ತಿರುವ ಹವ್ಯಾಸಿ ಚಿತ್ರಕಾರನೊಬ್ಬನನ್ನು ಊಹಿಸಿಕೊಳ್ಳೋಣ. ಒಂದು ಗಂಟೆ ಹಸಿರನ್ನೇ ದಿಟ್ಟಿಸಿದ ಮೇಲೆ ಕಣ್ಣಿನ ಒಳಪೊರೆ ಆ ಬಣ್ಣಕ್ಕೆ ಒಗ್ಗಿಹೋಗುತ್ತದೆ. ಹಸಿರು ಮೊದಲಿನಷ್ಟು ಹಸಿರಾಗಿ ಕಾಣುವುದಿಲ್ಲ. ಸಾಲದೆಂದು ಅವನು ಮತ್ತಷ್ಟು ಹಸಿರು ಸೇರಿಸುತ್ತಾನೆ. ಕ್ಯಾನ್ವಾಸಿನ ಮೇಲೆ ನೇರ ಬಿಸಿಲು ಬಿದ್ದಿದ್ದರೆ ಇನ್ನೊಂದು ಮೋಸ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಬೆಳಗುವುದರಿಂದ ಅವನು ಗಾಢವಾದ ಬಣ್ಣಗಳನ್ನೇ ಕಲಸಿಬಿಡುತ್ತಾನೆ. ಸಂಜೆ ಮನೆಯ ಟ್ಯೂಬ್‌ಲೈಟಿನಡಿ ನೋಡಿದರೆ ಗದ್ದೆ ಕಿರುಚುತ್ತಿರುತ್ತದೆ, ನೆರಳುಗಳು ಮಸಿಯಾಗಿರುತ್ತವೆ. ಎಷ್ಟೇ ಅನುಭವಿಯಾದರೂ ಕಣ್ಣಿನ ಈ ಗುಣದಿಂದ ತಪ್ಪಿಸಿಕೊಳ್ಳುವಂತಿಲ್ಲ.

ಇದಕ್ಕಿಂತ ಹಟಮಾರಿಯಾದದ್ದು ತಿಳಿವಳಿಕೆ. ಕಾರ್ಕಳದ ಬೆಟ್ಟದ ಮೇಲೆ, 1432ರಲ್ಲಿ ನಿಂತ 42 ಅಡಿಯ ಗೊಮ್ಮಟನ ಬಳಿಯಿಂದ ಪೂರ್ವಕ್ಕೆ ನೋಡಿದರೆ ಘಟ್ಟದ ಸಾಲು ಕಾಣುತ್ತದೆ. ಮಳೆ ಬಿಟ್ಟು ಗಾಳಿ ತಿಳಿಯಾದ ದಿನ ಅದು ನೀಲಿ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದೇ ಇದಕ್ಕೆ ಕಾರಣ. ಆದರೆ ಘಟ್ಟವೆಂದರೆ ಕಾಡು, ಕಾಡೆಂದರೆ ಹಸಿರು ಎಂದು ಮನಸ್ಸಿಗೆ ಗೊತ್ತಿದೆಯಲ್ಲ! ಕೈ ಹಸಿರನ್ನೇ ಹಚ್ಚುತ್ತದೆ. ಹತ್ತಾರು ಮೈಲಿ ದೂರದ ಬೆಟ್ಟ ಎದುರಿನ ಮಾವಿನ ಮರದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ತೆಂಗಿನ ಗರಿಯದೂ ಇದೇ ಕತೆ. ನಡುಹಗಲಲ್ಲಿ ಅದರ ನುಣುಪು ಮೈ ಆಕಾಶವನ್ನು ಪ್ರತಿಫಲಿಸಿ ಬೆಳ್ಳಿಯಂತೆ ತೋರುತ್ತದೆ. ಸಂಜೆ ಬಿಸಿಲು ಗರಿಯ ಹಿಂದಿನಿಂದ ತೂರಿ ಬಂದಾಗ ಅದೇ ಗರಿ ಹಳದಿ ಹಸಿರು. ಚಿತ್ರಗಳಲ್ಲಿ ಮಾತ್ರ ಅದು ಮೂರು ಹೊತ್ತೂ ಟ್ಯೂಬಿನಿಂದ ಹಿಂಡಿದ ಒಂದೇ ಹಸಿರು.

ಕಾಪುವಿನ ಕಡಲ ತೀರ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಒಡ್ಡುತ್ತದೆ. ಅಲ್ಲಿನ ದೀಪಸ್ತಂಭ 1901ರದು. ಮರಳಿನ ಮೇಲೆ ನಿಂತವನಿಗೆ ದಿಗಂತ ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರ. 25 ಮೀಟರ್ ಎತ್ತರಕ್ಕೇರಿದ ಕಣ್ಣಿಗೆ ಅದು ಸುಮಾರು 18 ಕಿಲೋಮೀಟರಿಗೆ ಸರಿಯುತ್ತದೆ. ಎರಡೂ ಕಡೆ ದಿಗಂತ ನೋಡುವವನ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಸಮತಟ್ಟಾದ ಮರಳಿನ ಮೇಲೆ ನಿಂತು ನೋಡಿದರೆ ಅವನಷ್ಟೇ ಎತ್ತರದವರೆಲ್ಲರ, ಅವರು ಹತ್ತಿರವಿರಲಿ ದೂರವಿರಲಿ, ಕಣ್ಣಿನ ಮೇಲೇ ದಿಗಂತದ ಗೆರೆ ಹಾದುಹೋಗಬೇಕು. ಆದರೆ ಸಮುದ್ರ ವಿಶಾಲವಾಗಿ ಕಾಣಲಿ ಎಂಬ ಆಸೆಯಿಂದ ದಿಗಂತವನ್ನು ಮೇಲಕ್ಕೇರಿಸಿದ ಚಿತ್ರಗಳೆಷ್ಟೋ. ಅವುಗಳಲ್ಲಿ ಕಡಲನ್ನು ಗೋಪುರದ ತುದಿಯಿಂದಲೂ ಜನರನ್ನು ಮರಳಿನಿಂದಲೂ ನೋಡಿದಂತಾಗಿರುತ್ತದೆ. ನೋಡುವವರಿಗೆ ಏನೋ ಎಡವಟ್ಟು ಎನಿಸುತ್ತದೆ. ಬರೆದವನಿಗೆ ಅದು ಕಾಣುವುದೇ ಇಲ್ಲ, ಏಕೆಂದರೆ ಅವನು ಚಿತ್ರದಲ್ಲಿ ತನ್ನ ನೆನಪನ್ನೂ ಸೇರಿಸಿ ನೋಡುತ್ತಿರುತ್ತಾನೆ.

ಈ ರೋಗಕ್ಕೆ ಹಳಬರು ಕೆಲವು ಮದ್ದು ಹೇಳಿದ್ದಾರೆ. ಚಿತ್ರವನ್ನು ಕನ್ನಡಿಯಲ್ಲಿ ನೋಡಬೇಕು, ಎಡಬಲ ಅದಲುಬದಲಾಗಿ ಬೇರೆಯವರ ಚಿತ್ರದಂತೆ ಕಂಡಾಗ ತಪ್ಪು ಹೊಳೆಯುತ್ತದೆ ಎಂದವನು ಲಿಯೊನಾರ್ಡೊ ಡಾ ವಿಂಚಿ. ಇತರರ ಅಭಿಪ್ರಾಯಕ್ಕೆ ಕಿವಿಗೊಡಬೇಕೆಂದೂ ಅವನೇ ಹೇಳಿದ್ದಾನೆ. ಪ್ರಾಚೀನ ಗ್ರೀಸಿನ ಅಪೆಲಿಸ್ ತನ್ನ ಚಿತ್ರಗಳನ್ನು ದಾರಿಹೋಕರಿಗೆ ಕಾಣುವಂತಿಟ್ಟು ಹಿಂದೆ ಅವಿತು ಅವರ ಮಾತು ಕೇಳುತ್ತಿದ್ದನಂತೆ. ಚಪ್ಪಲಿಯ ಚಿತ್ರಣದಲ್ಲಿ ಚಮ್ಮಾರನೊಬ್ಬ ತೋರಿಸಿದ ತಪ್ಪನ್ನು ಅವನು ತಿದ್ದಿಕೊಂಡ. ಮರುದಿನ ಅದೇ ಚಮ್ಮಾರ ಕಾಲಿನ ಆಕಾರಕ್ಕೂ ಕೊಂಕು ತೆಗೆದಾಗ, ಚಪ್ಪಲಿಯಿಂದ ಮೇಲಕ್ಕೆ ಬರಬೇಡ ಎಂದನಂತೆ. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಕತೆ ಎರಡು ಪಾಠ ಹೇಳುತ್ತದೆ: ಬಲ್ಲವನ ಮಾತು ಕೇಳು, ಯಾರು ಎಷ್ಟು ಬಲ್ಲರೆಂಬುದನ್ನೂ ತಿಳಿದಿರು.

ಸಹಕಲಾವಿದನ ಮಾತಿನ ಬೆಲೆ ಇರುವುದು ಇಲ್ಲಿ. ಮನೆಯವರು, ನೆಂಟರು ಚಿತ್ರ ನೋಡಿ "ಭಾರಿ ಲಾಯ್ಕಾಗಿದೆ" ಎನ್ನುತ್ತಾರೆ. ಪ್ರೀತಿಯ ಮಾತು, ಸಂತೋಷವೇ. ಆದರೆ ಮುಂದಿನ ಚಿತ್ರ ಬರೆಯುವಾಗ ಅದರಿಂದ ಉಪಯೋಗವಿಲ್ಲ. ಬಣ್ಣ ಕಲಸಿ ಸೋತು ಗೆದ್ದವನು "ನಿನ್ನ ಬೆಟ್ಟ ಮುಂದಕ್ಕೆ ಬರುತ್ತಿದೆ ಮಾರಾಯ" ಎಂದರೆ ಆ ಒಂದು ಮಾತಿನಲ್ಲಿ ಕೆಲಸವಿದೆ.

ಅಂಥ ಒಂದು ಮಾತು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಎಸ್. ಎಚ್. ರಝಾ ಸಾಕ್ಷಿ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ರಝಾ ತರುಣನಾಗಿದ್ದಾಗ ಬರೆಯುತ್ತಿದ್ದುದು ಹೆಚ್ಚಾಗಿ ಭೂದೃಶ್ಯಗಳನ್ನೇ. 1948ರಲ್ಲಿ ಕಾಶ್ಮೀರದಲ್ಲಿ ಅವರ ಚಿತ್ರಗಳನ್ನು ಕಂಡ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸೋಂ, ಪ್ರತಿಭೆಯಿದೆ, ಆದರೆ ಕಟ್ಟಡದಂತೆ ಕಟ್ಟುವ ಗುಣ ಈ ಚಿತ್ರಗಳಲ್ಲಿಲ್ಲ, ಸೆಜಾನ್‌ನನ್ನು ಅಭ್ಯಾಸ ಮಾಡಿ ಎಂಬರ್ಥದ ಸಲಹೆ ಕೊಟ್ಟರು. ಹೇಳಿದವರು ಕ್ಯಾಮೆರಾದವರಾದರೂ ಹಿಂದೆ ಚಿತ್ರಕಲೆಯನ್ನೇ ಅಭ್ಯಾಸ ಮಾಡಿದವರು. ರಝಾ ಮುನಿಸಿಕೊಳ್ಳಲಿಲ್ಲ. 1950ರಲ್ಲಿ ವಿದ್ಯಾರ್ಥಿವೇತನ ಪಡೆದು ಪ್ಯಾರಿಸ್ಸಿಗೆ ಹೋದರು. ಆಮೇಲೆ ಬರೆದ ಫ್ರಾನ್ಸಿನ ಹಳ್ಳಿಗಳ ಚಿತ್ರಗಳಲ್ಲಿ ಮನೆಗಳು ಕಲ್ಲಿನ ಮೇಲೆ ಕಲ್ಲಿಟ್ಟಂತೆ ಗಟ್ಟಿಯಾಗಿ ನಿಂತವು.

ದೂರದ ಮಾತೇಕೆ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ಬದುಕೇ ಇದಕ್ಕೆ ಉದಾಹರಣೆ. ಅವರೂ ಜೆ. ಜೆ. ಶಾಲೆಯಲ್ಲೇ ಕಲಿತರು, ಕೆಲವು ಕಾಲ ಅಲ್ಲೇ ಕಲಿಸಿದರು. ಶಾಲೆ ಕೊಟ್ಟ ಪಾಶ್ಚಾತ್ಯ ಶಿಸ್ತು ಕೈವಶವಾಗಿದ್ದರೂ ಅದರಲ್ಲಿ ತನ್ನ ನೆಲದ ಗುಣವಿಲ್ಲವೆಂಬ ಅತೃಪ್ತಿ ಅವರನ್ನು ಕಾಡಿತು. ಆಗ ದಾರಿ ತೋರಿದವುಗಳಲ್ಲಿ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು ಮುಖ್ಯವಾದವು. ಮಲೆಯಾಳದ ಬಿಸಿಲು, ಜನ, ಹಸಿರು ಹೆಬ್ಬಾರರ ಕ್ಯಾನ್ವಾಸಿನಲ್ಲಿ ಬೇರೆಯದೇ ರೂಪ ತಾಳಿದವು. 1949ರಲ್ಲಿ, ಮೂವತ್ತೆಂಟರ ಸುಮಾರಿಗೆ, ಮೇಷ್ಟರಾಗಿದ್ದವರು ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಪ್ರಾಧ್ಯಾಪಕರು ಆಗಾಗ ಬಂದು ಪ್ರತಿಯೊಬ್ಬರ ಕೆಲಸವನ್ನು ಎಲ್ಲರೆದುರೇ ತಿದ್ದುವ ಪದ್ಧತಿಗೆ ಆ ಕಲಾಶಾಲೆ ಹೆಸರುವಾಸಿಯಾಗಿತ್ತು. ಗೆರೆಯ ಲಯ ತಿಳಿಯಲೆಂದು ಕಥಕ್ ನೃತ್ಯ ಕಲಿತವರೂ ಇವರೇ. ಮುಂದೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಅವರು ತೀರಿಕೊಂಡರು. ಮಣಿಪಾಲದಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯಿದೆ. ಬಣ್ಣ ಹಿಡಿಯುವ ಹುಡುಗ ಹುಡುಗಿಯರು ಅಲ್ಲಿಗೆ ಹೋದಾಗ ಸಹಿಯನ್ನಷ್ಟೇ ನೋಡಿ ಬರಬಾರದು. ಒಬ್ಬನೇ ಮನುಷ್ಯ ಎಷ್ಟು ಸಲ ತನ್ನ ಕೈಯನ್ನು ಬದಲಿಸಿಕೊಂಡ ಎಂಬುದನ್ನು ಗಮನಿಸಬೇಕು.

ಹಾಗೆಂದು ಯಾರು ಏನಂದರೂ ತಿದ್ದುತ್ತ ಹೋದರೆ ಚಿತ್ರ ಹತ್ತು ಜನ ಸೇರಿ ಕಟ್ಟಿದ ಮನೆಯಾಗುತ್ತದೆ. ಅಭಿಪ್ರಾಯವನ್ನು ಹೇಗೆ ಸ್ವೀಕರಿಸಬೇಕೆಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲೇ ಸೊಗಸಾದ ಪ್ರಸಂಗವಿದೆ. ಮಿಶೆಲ್ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ 1824ರಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ಜಮಖಾನೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ಮುಖ್ಯಸ್ಥನಾದ. ಕಪ್ಪು ನೂಲಿನ ಬಣ್ಣ ಸರಿಯಿಲ್ಲ, ಪೇಲವವಾಗಿದೆ ಎಂಬ ದೂರು ಅವನಿಗೆ ಬಂತು. ಪರೀಕ್ಷಿಸಿದರೆ ನೂಲಿನ ಬಣ್ಣದಲ್ಲಿ ಏನೂ ದೋಷವಿರಲಿಲ್ಲ. ಅದರ ಪಕ್ಕ ನೇಯ್ದ ನೀಲಿ, ನೇರಳೆ ಬಣ್ಣಗಳು ಕಪ್ಪನ್ನು ಕೆಡಿಸಿ ತೋರಿಸುತ್ತಿದ್ದವು. ಈ ಸಂಶೋಧನೆಯಿಂದ 1839ರಲ್ಲಿ ಅವನ ದೊಡ್ಡ ಗ್ರಂಥ ಹೊರಬಂತು. ಮುಂದಿನ ತಲೆಮಾರಿನ ಚಿತ್ರಕಾರರಿಗೆ ಅದು ದಾರಿದೀಪವಾಯಿತು.

ದೂರು ನಿಜ, ದೋಷದ ಜಾಗ ಮಾತ್ರ ಬೇರೆ. ಚಿತ್ರದ ವಿಷಯದಲ್ಲೂ ಹೀಗೇ. "ನಿನ್ನ ಸಮುದ್ರ ಮಂಕಾಗಿದೆ" ಎಂದು ಮೂವರು ಹೇಳಿದರೆ ಅಲ್ಲೇನೋ ತೊಂದರೆ ಇದೆಯೆಂದು ಒಪ್ಪಿಕೊಳ್ಳಬೇಕು. ಆದರೆ ಸಮುದ್ರಕ್ಕೆ ಇನ್ನಷ್ಟು ನೀಲಿ ಹಾಕುವುದೇ ಪರಿಹಾರವಾಗಬೇಕಿಲ್ಲ. ಪಕ್ಕದ ಮರಳಿಗೆ ಒಂದಿಷ್ಟು ಕೆಂಪು ಛಾಯೆ ಕೊಟ್ಟರೆ, ಇಲ್ಲವೇ ಮೇಲಿನ ಆಕಾಶವನ್ನು ತಗ್ಗಿಸಿದರೆ, ಮುಟ್ಟದೆಯೇ ಸಮುದ್ರ ಬೆಳಗಬಹುದು. ತಪ್ಪನ್ನು ಕಾಣುವುದು ನೋಡುವವರ ಕೆಲಸ. ಮದ್ದು ಹುಡುಕುವುದು ಬರೆದವನದೇ.

ಉಡುಪಿ, ಮಣಿಪಾಲಗಳಲ್ಲಿ ಚಿತ್ರಕಲಾ ಶಾಲೆಗಳಿವೆ, ಕಲಾವಿದರ ಬಳಗಗಳಿವೆ, ಪ್ರದರ್ಶನಗಳೂ ನಡೆಯುತ್ತವೆ. ಆದರೆ ಪ್ರದರ್ಶನದ ಹೊತ್ತಿಗೆ ಚಿತ್ರಕ್ಕೆ ಚೌಕಟ್ಟು ಬಿದ್ದಿರುತ್ತದೆ. ಆಗ ಹೇಳುವವರಿಗೂ ಸಂಕೋಚ, ಕೇಳುವವರಿಗೂ ನೋವು. ಬಣ್ಣ ಹಸಿಯಾಗಿರುವಾಗಲೇ ನಾಲ್ಕೈದು ಮಂದಿ ಒಂದೆಡೆ ಸೇರಿ ಚಿತ್ರಗಳನ್ನು ಗೋಡೆಗೆ ಒರಗಿಸಿ ನೋಡುವ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ. ಬರೆದವನು ಮೊದಲ ಹತ್ತು ನಿಮಿಷ ಬಾಯಿ ಬಿಡಬಾರದು. ಸಮರ್ಥನೆ ಶುರುವಾದರೆ ಮಾತು ನಿಲ್ಲುತ್ತದೆ. ಉಳಿದವರು, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಹೇಳಬೇಕು. ಕಣ್ಣನ್ನು ಅರೆಮುಚ್ಚಿ, ಬಣ್ಣ ಮರೆತು, ಬೆಳಕು ನೆರಳುಗಳ ಅಂತರ ಸರಿಯಿದೆಯೇ ನೋಡಬೇಕು. ಒಪ್ಪಿದ ಜಾಗವನ್ನೂ ಬೆರಳಿಟ್ಟು ತೋರಿಸಬೇಕು. ಇಲ್ಲವಾದರೆ ತಿದ್ದುವ ಭರದಲ್ಲಿ ಬರೆದವನು ಅದನ್ನೂ ಅಳಿಸಿಬಿಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಅಲ್ಲಿ ನಿಂತಾಗ ನಿನಗೆ ಕಂಡದ್ದೇನು?

ಈ ಪ್ರಶ್ನೆ ಹವ್ಯಾಸದ ಎಲ್ಲೆಯನ್ನು ದಾಟುತ್ತದೆ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬರುವ ಮುನ್ನ ಮಣಿಪಾಲ ಬೋಳು ಮುರಕಲ್ಲ ಗುಡ್ಡವಾಗಿತ್ತು ಎಂದು ಹಿರಿಯರು ಹೇಳುತ್ತಾರೆ. ಇಂದು ಅಲ್ಲಿ ಮನೆಗಳ, ಕಟ್ಟಡಗಳ ಸಾಲು. ಹೆದ್ದಾರಿ ಅಗಲವಾದಂತೆ ಬದಿಯ ಮರಗಳು ಹೋಗಿವೆ, ಗದ್ದೆಗಳು ಸೈಟುಗಳಾಗಿವೆ. ಈ ನೆಲದ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಟ್ಯೂಬಿನಲ್ಲಿ ಬರುವ ಇಂಡಿಯನ್ ರೆಡ್, ಬರ್ನ್ಟ್ ಸಿಯೆನ್ನಾ ಬಣ್ಣಗಳಲ್ಲಿರುವುದೂ ಅದೇ. ಅಂದರೆ ಊರಿನ ಬಣ್ಣ ಕೈಯಲ್ಲೇ ಇದೆ. ಕ್ಯಾಲೆಂಡರಿನ ತೆಂಗಿನ ಮರ, ಕ್ಯಾಲೆಂಡರಿನ ಸೂರ್ಯಾಸ್ತವನ್ನು ನಕಲು ಮಾಡಿದ ಚಿತ್ರ ಯಾವ ಊರಿನದಾದರೂ ಆದೀತು. ನಿಂತು ನೋಡಿ, ಬೇರೆಯವರ ಕಣ್ಣಿಗೂ ಒಡ್ಡಿ, ತಿದ್ದಿ ಬರೆದ ಚಿತ್ರ ಮಾತ್ರ ಮುಂದೊಂದು ದಿನ, ಕಾಪುವಿನ ಕಡಲ ತೀರ ಹೀಗಿತ್ತು, ಕಾರ್ಕಳದ ಗದ್ದೆ ಹೀಗಿತ್ತು ಎಂದು ಸಾಕ್ಷಿ ಹೇಳಬಲ್ಲದು.

ತೈಲವರ್ಣ ಚಿತ್ರಕ್ಕೆ ಕೊನೆಯ ವಾರ್ನಿಷ್ ಬಳಿಯಲು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಾಯಬೇಕೆಂದು ಹೇಳುತ್ತಾರೆ. ಅಷ್ಟರೊಳಗೆ ಒಂದು ಮಳೆಗಾಲ ಬಂದು ಹೋಗಿರುತ್ತದೆ. ಚಿತ್ರವನ್ನು ಬೆಳಕಿರುವ ಗೋಡೆಯ ಮೇಲೆ, ಬಂದವರಿಗೆಲ್ಲ ಕಾಣುವಂತೆ ತೂಗುಹಾಕಿದರೆ ಬೂಷ್ಟೂ ಹಿಡಿಯದು, ಎಣ್ಣೆ ಹಳದಿಯೂ ಆಗದು. ನೋಡಿದ ಸ್ನೇಹಿತನೊಬ್ಬ ಸುಮ್ಮನೆ ತಲೆದೂಗುವ ಬದಲು ಹತ್ತಿರ ಹೋಗಿ ಬೆರಳು ತೋರಿಸಿದರೆ, ಒಂದು ಲೋಟ ಚಹಾ ಕೊಟ್ಟು ಕೂರಿಸಿಕೊಳ್ಳುವುದೇ ಸರಿ.