ಭಾವಿ ವೈದ್ಯರ ನಡತೆಗೆ ಅಳತೆಗೋಲು ಯಾವುದು?

ಅಂಗರಚನಾ ಶಾಸ್ತ್ರದ ಜ್ಞಾನವನ್ನು ಅಳೆಯಲು ಪ್ರಶ್ನೆಪತ್ರಿಕೆಯಿದೆ. ರೋಗಿಯೊಡನೆ ವಿದ್ಯಾರ್ಥಿ ನಡೆದುಕೊಳ್ಳುವ ರೀತಿಯನ್ನು ಅಳೆಯುವುದು ಹೇಗೆ? ವೈದ್ಯಕೀಯ ಕಾಲೇಜುಗಳನ್ನು ಕಾಡುತ್ತಿರುವ ಪ್ರಶ್ನೆಯಿದು.

2019ರಲ್ಲಿ ಎಂಬಿಬಿಎಸ್ ಸೇರಿದ ತಂಡದಿಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂದಿತು. ಮನೋಭಾವ, ನೀತಿ ಹಾಗೂ ಸಂವಹನ ಕುರಿತ ‘ಏಟ್‌ಕಾಂ’ ಕಲಿಕೆ ಅದರ ಭಾಗವಾಯಿತು. ಭಾರತೀಯ ವೈದ್ಯಕೀಯ ಪರಿಷತ್ತು ರೂಪಿಸಿದ್ದ ಈ ವ್ಯವಸ್ಥೆಯನ್ನು, 2020ರಲ್ಲಿ ಅದರ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಮುಂದುವರಿಸಿತು.

ನಡತೆಯ ಮೌಲ್ಯಮಾಪನ ಬರಿಯ ಔಪಚಾರಿಕತೆಯಲ್ಲ ಎಂಬುದಕ್ಕೆ ಅಮೆರಿಕದಲ್ಲಿ ಆಧಾರ ದೊರೆತಿದೆ. ಮ್ಯಾಕ್ಸಿನ್ ಪಾಪಡಾಕಿಸ್ ನೇತೃತ್ವದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮೂರು ಕಾಲೇಜುಗಳಲ್ಲಿ ಓದಿ, ಮುಂದೆ ಶಿಸ್ತುಕ್ರಮಕ್ಕೆ ಗುರಿಯಾದ 235 ವೈದ್ಯರ ವಿದ್ಯಾರ್ಥಿ ದೆಸೆಯ ದಾಖಲೆಗಳನ್ನು ಇತರ 469 ವೈದ್ಯರ ದಾಖಲೆಗಳೊಡನೆ ಹೋಲಿಸಲಾಯಿತು. ಶಿಸ್ತುಕ್ರಮಕ್ಕೂ ಕಾಲೇಜಿನ ದಿನಗಳ ದುರ್ವರ್ತನೆಗೂ ಗಾಢ ಸಂಬಂಧ ಕಂಡುಬಂದಿತು. ಹೊಣೆಗೇಡಿತನ ಹಾಗೂ ತಿದ್ದಿಕೊಳ್ಳಲೊಲ್ಲದ ಸ್ವಭಾವ ಪ್ರಬಲ ಸೂಚನೆಗಳಾಗಿದ್ದವು. ಕಡಿಮೆ ಅಂಕಗಳ ಪಾತ್ರ ಅಷ್ಟಿರಲಿಲ್ಲ.

ತೊಡಕಿರುವುದು ವಿಧಾನದಲ್ಲಿ. ರೋಗಿಯ ಒಪ್ಪಿಗೆಯ ಮಹತ್ವವನ್ನು ಉತ್ತರಪತ್ರಿಕೆಯಲ್ಲಿ ವಿವರಿಸಿದ ವಿದ್ಯಾರ್ಥಿ, ವಾರ್ಡಿನಲ್ಲಿ ಒಪ್ಪಿಗೆ ಕೇಳಿಯೇ ಮುಂದುವರಿಯುತ್ತಾನೆಂಬ ಖಾತರಿಯಿಲ್ಲ. ಪರೀಕ್ಷಕರ ಕಣ್ಣೆದುರು ಎಲ್ಲರೂ ಸೌಜನ್ಯವಂತರೇ. ಆದ್ದರಿಂದ ಶಿಕ್ಷಕರು, ಶುಶ್ರೂಷಕಿಯರು ಹಾಗೂ ರೋಗಿಗಳು ಬೇರೆ ಬೇರೆ ಸಂದರ್ಭಗಳಲ್ಲಿ ನೀಡುವ ಅಭಿಪ್ರಾಯಗಳನ್ನು ಒಟ್ಟುಗೂಡಿಸುವುದೇ ಹೆಚ್ಚು ವಿಶ್ವಾಸಾರ್ಹ ಮಾರ್ಗ. ಲಾಗ್‌ಬುಕ್ಕಿಗೆ ಸಹಿ ಬಿದ್ದ ಮಾತ್ರಕ್ಕೆ ಆ ಕೆಲಸ ಮುಗಿಯದು.

ಹಿರಿಯ ವೈದ್ಯರೇ ರೋಗಿಯನ್ನು ಗದರಿಸಿದರೆ ವಿದ್ಯಾರ್ಥಿ ಕಲಿಯುವುದು ಅದನ್ನೇ. ತಪ್ಪನ್ನು ದಾಖಲಿಸುವ ಧೈರ್ಯ ಶಿಕ್ಷಕರಿಗೆ, ತಿದ್ದಿಕೊಳ್ಳುವ ಅವಕಾಶ ವಿದ್ಯಾರ್ಥಿಗೆ ಇರಬೇಕು. ಇಲ್ಲವಾದಲ್ಲಿ ಅದರ ಬೆಲೆ ತೆರಬೇಕಾದವನು ರೋಗಿ.