ಸೊಂಟನೋವಿಗೆ ತಾಲ್ಲೂಕಿನಲ್ಲೇ ಸಿಗಲಿ ಮೊದಲ ಉತ್ತರ

ಬೀದರ್ ಜಿಲ್ಲೆಯ ಔರಾದಿನ ಸೋಯಾ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವ ಹೆಣ್ಣುಮಕ್ಕಳು, ಭಾಲ್ಕಿಯ ಕಡೆ ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ತುಂಬುವ ಕೂಲಿಗಳು, ಬೀದರ್‌ನಲ್ಲಿ ನೆಲದ ಮೇಲೆ ಕುಳಿತು ಬಿದರಿ ಹೂಜಿಗೆ ಬೆಳ್ಳಿ ಕೂರಿಸುವ ಕುಶಲಕರ್ಮಿಗಳು: ಇವರೆಲ್ಲರ ಅನ್ನ ಸೊಂಟದ ಮೇಲೆ ನಿಂತಿದೆ. ಆ ನೋವು ಕಾಲಿಗಿಳಿದರೆ ಮನೆಯವರಿಗೆ ಹೈದರಾಬಾದ್ ನೆನಪಾಗುತ್ತದೆ. ಬೀದರ್‌ನಿಂದಲೇ ಅದು ಸುಮಾರು 140 ಕಿ.ಮೀ.

ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಈಗ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸೆಯದೇ ಮಾತು. ಒಂದು ಸೆಂಟಿಮೀಟರಿನಷ್ಟೂ ಇಲ್ಲದ ಗಾಯದಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಇಳಿಸಿ, ನರವನ್ನು ಒತ್ತುತ್ತಿರುವ ಡಿಸ್ಕ್ ಚೂರನ್ನು ತೆಗೆಯುತ್ತಾರೆ. ಬೆನ್ನಿನ ಸ್ನಾಯುಗಳಿಗೆ ಹೆಚ್ಚು ಪೆಟ್ಟಾಗುವುದಿಲ್ಲ. ಎಷ್ಟೋ ರೋಗಿಗಳು ಅದೇ ದಿನ ಎದ್ದು ನಡೆಯುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 613 ರೋಗಿಗಳ ಮೇಲೆ ನಡೆದು 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಕಾಲುನೋವಿನ ಶಮನದಲ್ಲಿ ಈ ವಿಧಾನ, ಬೆನ್ನು ಕೊಯ್ದು ಡಿಸ್ಕ್ ಚೂರು ತೆಗೆಯುವ ಹಳೆಯ ಮೈಕ್ರೋಡಿಸ್ಕೆಕ್ಟಮಿಗಿಂತ ಹಿಂದೆ ಬೀಳಲಿಲ್ಲ. ಹಳೆಯ ವಿಧಾನವೂ ಒಳ್ಳೆಯದೇ ಎಂಬುದನ್ನೂ ಇದರಿಂದಲೇ ತಿಳಿಯಬೇಕು.

ಆದರೆ ಯಾರಿಗೆ ಶಸ್ತ್ರಚಿಕಿತ್ಸೆ ಬೇಕು? ಡಿಸ್ಕ್ ಜಾರಿ ಕಾಲಿಗಿಳಿದ ನೋವು ಬಹುಪಾಲು ಜನರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ಔಷಧಿ, ನಡಿಗೆ, ವ್ಯಾಯಾಮಗಳಿಂದಲೇ ತಗ್ಗುತ್ತದೆ. ನೋವೇ ಇಲ್ಲದ ನಲವತ್ತರ ಆಸುಪಾಸಿನವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ಉಬ್ಬಿದ ಡಿಸ್ಕ್ ಕಾಣುತ್ತದೆ. ಹಾಗಾಗಿ ಎಂಆರ್‌ಐ ವರದಿಯೊಂದನ್ನೇ ನೋಡಿ ಹೊಲ ಅಡವಿಡುವ ನಿರ್ಧಾರಕ್ಕೆ ಯಾರೂ ಬರಬಾರದು. ಕಾಲಿಗಿಳಿಯದ ಬರಿಯ ಸೊಂಟನೋವಿಗಂತೂ ಡಿಸ್ಕ್ ಚೂರು ತೆಗೆಸಿ ಸಿಗುವ ಲಾಭ ತೀರಾ ಕಡಿಮೆ.

ಕಾಯಬಾರದ ಸ್ಥಿತಿಗಳೂ ಇವೆ. ಮೂತ್ರ ಕಟ್ಟಿದರೆ, ತೊಡೆಸಂದಿ–ಗುದದ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಒಂದೊಂದು ಗಂಟೆಯೂ ಮುಖ್ಯ. ಬೆನ್ನುನೋವಿನ ಜೊತೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಬೆನ್ನೆಲುಬಿನ ಕ್ಷಯವನ್ನು ಶಂಕಿಸಬೇಕು. ಈ ಲಕ್ಷಣಗಳನ್ನು ಮೊದಲು ಗುರುತಿಸಬೇಕಾದವರು ಔರಾದ್, ಭಾಲ್ಕಿಯ ಸರ್ಕಾರಿ ಆಸ್ಪತ್ರೆಗಳ ವೈದ್ಯರು ಮತ್ತು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು. ಅವರಿಗೆ ಇದರ ತರಬೇತಿ ಕೊಡಲು ದೊಡ್ಡ ಖರ್ಚಿಲ್ಲ.

ಬೀದರ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬ್ರಿಮ್ಸ್ ಇದೆ. ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಬಂದಿದೆ. ಮಂಡಳಿಯ ಹಣದಲ್ಲಿ ಮೊದಲ ಪಾಲು ತಾಲ್ಲೂಕು ಆಸ್ಪತ್ರೆಗಳಲ್ಲಿ ದಿನವೂ ಸಿಗುವ ಫಿಸಿಯೋಥೆರಪಿಗೆ ಹೋಗಲಿ. ಅರ್ಹ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಇರುವುದರಿಂದ, ಬೆನ್ನಿನ ಯಾವ ಚಿಕಿತ್ಸೆ ಅದರಲ್ಲಿ ಬರುತ್ತದೆ ಎಂಬ ಪಟ್ಟಿ ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಕಾಣಲಿ. ಎಂಡೋಸ್ಕೋಪಿಕ್ ಸೌಲಭ್ಯವೂ ಬೀದರ್‌ಗೆ ಬರಲೇಬೇಕು. ಈ ಕೆಲಸದಲ್ಲಿ ಕೈ ಪಳಗಲು ಹತ್ತಾರು ಶಸ್ತ್ರಚಿಕಿತ್ಸೆಗಳು ಬೇಕಾಗುವುದರಿಂದ, ಉಪಕರಣಕ್ಕೆ ಟೆಂಡರ್ ಕರೆಯುವ ಮುನ್ನವೇ ಇಲ್ಲಿನ ಇಬ್ಬರು ಶಸ್ತ್ರವೈದ್ಯರನ್ನು ತರಬೇತಿಗೆ ಕಳುಹಿಸಬೇಕು.