ಅಗ್ಗದ ಸರಕು ಮತ್ತು ಎಂಟನೆಯ ಆಜ್ಞೆ

ತೆನೆಹಬ್ಬ ಕಳೆದು ದಸರಾ, ದೀಪಾವಳಿ, ಕ್ರಿಸ್‌ಮಸ್ ಸಮೀಪಿಸುತ್ತಿದ್ದಂತೆ ಅಂಗಡಿಗಳೇ ನಮ್ಮ ಮನೆಯೊಳಗೆ ನಡೆದು ಬರುತ್ತವೆ. ಮೊಬೈಲಿನ ಪರದೆಯ ಮೇಲೆ ಅರ್ಧ ಬೆಲೆಯ ಟಿ.ವಿ., ಮೂರರಲ್ಲೊಂದು ಬೆಲೆಯ ಲ್ಯಾಪ್‌ಟಾಪ್, ಪುಡಿಗಾಸಿನ ಚಾರ್ಜರ್‌ಗಳು ಸಾಲುಗಟ್ಟುತ್ತವೆ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹಣ ಕೂಡಿಡುವ ಕುಟುಂಬವು ಅಗ್ಗದ ಬೆಲೆಯನ್ನು ಅರಸುವುದರಲ್ಲಿ ತಪ್ಪೇನೂ ಇಲ್ಲ. ಮಿತವ್ಯಯವೂ ಒಂದು ಸದ್ಗುಣವೇ. ಆದರೆ ಕಾಣದ ವಸ್ತುವಿಗೆ ಕಾಣದ ವ್ಯಾಪಾರಿಗೆ ಹಣ ತೆರುವಾಗ ನಾವು ಯಾರ ಸಾಕ್ಷ್ಯವನ್ನು ನಂಬುತ್ತಿದ್ದೇವೆ? ಈ ವಿಷಯದಲ್ಲಿ ಎಡವಿದವರಲ್ಲಿ ನಾನೂ ಒಬ್ಬನಾದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಚರ್ಚಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ಮನೆಮನೆಗಳಿಂದ ಹಳೆಯ ಭಾವಚಿತ್ರಗಳನ್ನು ಸಂಗ್ರಹಿಸಿ, ಪ್ರತಿ ತೆಗೆದು, ಮೂಲ ಚಿತ್ರಗಳನ್ನು ಹಿಂದಿರುಗಿಸಿದ್ದೆವು. ಸಂಚಿಕೆಯಲ್ಲಿ ಎಲ್ಲ ಚಿತ್ರಗಳಿಗೂ ಸ್ಥಳ ದೊರೆಯಲಿಲ್ಲ. ಅವುಗಳನ್ನೂ ಮಹೋತ್ಸವದ ವಿಡಿಯೊಗಳನ್ನೂ ಕಾಪಾಡಲೆಂದು ಎರಡು ಟೆರಾಬೈಟ್ ಸಾಮರ್ಥ್ಯದ್ದೆಂದು ಸಾರಿದ್ದ ಪೆನ್‌ಡ್ರೈವೊಂದನ್ನು ಅಂತರ್ಜಾಲದಲ್ಲಿ 599 ರೂಪಾಯಿಗೆ ಕೊಂಡೆ. ಕಂಪ್ಯೂಟರಿಗೆ ಜೋಡಿಸಿದಾಗ ಅದು ಎರಡು ಟೆರಾಬೈಟ್ ಎಂದೇ ತೋರಿಸಿತು. ಎಲ್ಲವನ್ನೂ ಅದಕ್ಕೆ ತುಂಬಿಸಿ ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿದೆ. ಸಂತೋಷದ ಭರದಲ್ಲಿ ಆ ಲಿಂಕನ್ನು ಚರ್ಚಿನ ವಾಟ್ಸ್‌ಆ್ಯಪ್ ಗುಂಪಿಗೂ ಕಳುಹಿಸಿದೆ. ‘ಫಾದರ್ ಕಳುಹಿಸಿದ್ದಾರಲ್ಲ’ ಎಂದು ನಾಲ್ಕು ಕುಟುಂಬಗಳು ಅದನ್ನೇ ಕೊಂಡವು.

ಮುಂದಿನ ಮಳೆಗಾಲದಲ್ಲಿ ವೃದ್ಧ ತಾಯಿಯೊಬ್ಬರು ಬಂದರು. ಮಾಡು ಸೋರಿ, ದಿವಂಗತ ಪತಿಯ ಇದ್ದ ಒಂದೇ ಚಿತ್ರವೂ ಹಾಳಾಗಿತ್ತು. “ನಿಮ್ಮಲ್ಲಿ ಪ್ರತಿ ಉಂಟಲ್ಲ ಫಾದರ್?” ಎಂದರು. ಚಿತ್ರದ ಹೆಸರು ಪಟ್ಟಿಯಲ್ಲಿತ್ತು, ತೆರೆದರೆ ಚಿತ್ರವಿರಲಿಲ್ಲ.

ಬಲ್ಲವರು ಪರೀಕ್ಷಿಸಿ ಹೇಳಿದ್ದಿಷ್ಟು: ಒಳಗಿದ್ದುದು 32 ಗಿಗಾಬೈಟಿನ ಮೆಮೊರಿ ಮಾತ್ರ. ಅದನ್ನು ನಿಯಂತ್ರಿಸುವ ಚಿಪ್ ಸುಳ್ಳು ಸಂಖ್ಯೆ ಹೇಳುವಂತೆ ತಿದ್ದಲಾಗಿತ್ತು. ನಿಜವಾದ ಸ್ಥಳ ತುಂಬಿದ ಮೇಲೆ ಹೊಸದು ಹಳೆಯದನ್ನು ಅಳಿಸುತ್ತದೆ, ಇಲ್ಲವೇ ಎಲ್ಲಿಯೂ ಉಳಿಯದೆ ಹೋಗುತ್ತದೆ. ಹೆಸರುಗಳ ಪಟ್ಟಿ ಮಾತ್ರ ಅಚ್ಚುಕಟ್ಟಾಗಿ ಕಾಣುತ್ತದೆ. ಈ ಸರಕಿನ ಕೆಳಗೆ ನೂರಾರು ಪ್ರಶಂಸೆಗಳಿದ್ದವು. ಅವೆಲ್ಲವೂ ಬಾಡಿಗೆಯ ಮಾತುಗಳೆಂದು ನಾನು ಹೇಳಲಾರೆ. ಬಹು ಮಂದಿ ವಸ್ತು ಕೈಸೇರಿದ ದಿನವೇ, ನನ್ನಂತೆಯೇ, ಪ್ರಾಮಾಣಿಕವಾಗಿ ಮೆಚ್ಚಿ ಬರೆದಿರಬೇಕು. ಪರೀಕ್ಷಿಸದ ಪ್ರಾಮಾಣಿಕತೆಯೂ ವಂಚಕನಿಗೆ ನೆರವಾಗಬಲ್ಲದು.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಕ್ರಯವಿಕ್ರಯದ ಮೋಸವನ್ನು ಕುರಿತು ವಿಚಾರ ಮಾಡುವಾಗ ಒಕ್ಕಣ್ಣಿನ ಕುದುರೆಯ ಉದಾಹರಣೆ ಕೊಡುತ್ತಾರೆ. ಕುದುರೆಗೆ ಒಂದು ಕಣ್ಣಿಲ್ಲವೆಂಬುದು ಎಲ್ಲರಿಗೂ ಕಾಣುವುದರಿಂದ, ಬೆಲೆಯನ್ನು ತಕ್ಕಷ್ಟು ಇಳಿಸಿದ ಮಾರಾಟಗಾರನು ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಕೊಳ್ಳುವವನಿಗೆ ನಷ್ಟವನ್ನೋ ಅಪಾಯವನ್ನೋ ತರುವ ಗುಪ್ತ ದೋಷವನ್ನು ಹೇಳಲೇಬೇಕು. ಅಂತರ್ಜಾಲದ ಸಂತೆಯಲ್ಲಿ ಕಣ್ಣು ಮಾತ್ರವಲ್ಲ, ಇಡೀ ಕುದುರೆಯೇ ಮರೆಯಲ್ಲಿದೆ. ಆದ್ದರಿಂದ ಅಲ್ಲಿ ಮಾರಾಟಗಾರನ ಹೊಣೆ ದೊಡ್ಡದು. ಕೊಳ್ಳುವವನ ವಿವೇಕವೂ ಅಷ್ಟೇ ದೊಡ್ಡದಾಗಿರಬೇಕು.

ಎರಡು ಅಥವಾ ಮೂರು ಸಾಕ್ಷಿಗಳಿಲ್ಲದೆ ಯಾವ ಆರೋಪವೂ ಸ್ಥಿರಪಡದೆಂಬುದು ಧರ್ಮೋಪದೇಶಕಾಂಡದ ನಿಯಮ. ಇದನ್ನು ಕೊಳ್ಳುವಿಕೆಗೂ ಅನ್ವಯಿಸಬಹುದು. ಮೊದಲ ಸಾಕ್ಷಿ ಬೆಲೆ. ಹೆಸರಾಂತ ತಯಾರಕರು ಹಲವು ಸಾವಿರಕ್ಕೆ ಮಾರುವ ಸಾಮರ್ಥ್ಯವನ್ನು ಇನ್ನೊಬ್ಬನು ಕೆಲವು ನೂರಕ್ಕೆ ಹೇಗೆ ಕೊಡುತ್ತಾನೆಂದು ಕೇಳಬೇಕು. ಎರಡನೆಯದು ಮಾರಾಟಗಾರ. ದೊಡ್ಡ ಜಾಲತಾಣದಲ್ಲಿ ಮಾರುವವರೆಲ್ಲರೂ ಆ ಸಂಸ್ಥೆಯವರಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನ ಹೆಸರು, ವಿಳಾಸ, ಸಂಪರ್ಕ ಸಂಖ್ಯೆಗಳು ಅಲ್ಲಿ ದೊರೆಯಬೇಕು; ಗ್ರಾಹಕನ ವೇಷದಲ್ಲಿ ಮಾರಾಟಗಾರನೇ ಪ್ರಶಂಸೆ ಬರೆಯುವುದಕ್ಕೂ ನಿಷೇಧವಿದೆ. ಜಾಲತಾಣವನ್ನು ಬಿಟ್ಟು ನೇರವಾಗಿ ತನ್ನ ಖಾತೆಗೆ ಹಣ ಹಾಕೆನ್ನುವವನ ಸಹವಾಸವೇ ಬೇಡ. ಮೂರನೆಯದು ವಸ್ತು. ಚಾರ್ಜರ್, ಪವರ್‌ಬ್ಯಾಂಕ್‌ಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಪರಿಶೀಲಿಸಬಹುದು. ಹಳೆಯ ಮೊಬೈಲ್ ಕೊಳ್ಳುವ ಮುನ್ನ *#06# ಒತ್ತಿ ಐಎಂಇಐ ಸಂಖ್ಯೆ ತಿಳಿದು, ಸರಕಾರದ ‘ಸಂಚಾರ ಸಾಥಿ’ಯಲ್ಲಿ ಅದು ಸಿಂಧುವೇ ಎಂದು ನೋಡಬಹುದು. ಪೆನ್‌ಡ್ರೈವನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮರಳಿ ತೆರೆದು ನೋಡಿದ ಮೇಲೆಯೇ ನಂಬಬೇಕು. ನಾನು ಈ ಮೂವರಲ್ಲಿ ಒಬ್ಬರನ್ನೂ ವಿಚಾರಿಸಿರಲಿಲ್ಲ.

ಇಷ್ಟಾದರೂ ಮೋಸಹೋದರೆ ಏನು ಮಾಡಬೇಕು? ಮೊದಲು ಜಾಲತಾಣದ ದೂರು ಅಧಿಕಾರಿಗೆ ಬರೆಯಿರಿ. ಅವರು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ನಿಯಮವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ವ್ಯಾಪಾರಿ ಎಲ್ಲಿಯೇ ಇರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡುವ ಹಕ್ಕನ್ನು ನೀಡಿದೆ. ವಂಚಕನ ಖಾತೆಗೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಹಣ ಹಿಂದಿರುಗಿಸುತ್ತೇನೆಂದು ಹೇಳಿ ನಿಮ್ಮ ಯುಪಿಐ ಪಿನ್ ಒತ್ತಿಸುವವನು ಎರಡನೆಯ ಬಾರಿ ಕದಿಯುತ್ತಿದ್ದಾನೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಕಳೆದ 599 ರೂಪಾಯಿ ಅಲ್ಲ. ಆ ನಾಲ್ಕು ಕುಟುಂಬಗಳು. ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆಯನ್ನು ನಾವು ನ್ಯಾಯಾಲಯದ ಕಟಕಟೆಗೆ ಮಾತ್ರ ಸೀಮಿತಗೊಳಿಸಿದ್ದೇವೆ. ಲಿಂಕೊಂದನ್ನು ನಾಲ್ಕು ಜನರಿಗೆ ಕಳುಹಿಸುವುದೂ ಸಾಕ್ಷಿ ನುಡಿಯುವ ಕ್ರಿಯೆಯೇ. ‘ನನಗೆ ಬಂದದ್ದನ್ನು ಕಳುಹಿಸಿದೆ, ಅಷ್ಟೆ’ ಎಂಬ ಸಮಾಧಾನ ಸಾಲದು. ಕೊಳ್ಳುವವರು ವ್ಯಾಪಾರಿಯನ್ನು ಅರಿಯರು; ಅವರು ನಂಬುವುದು ಕಳುಹಿಸಿದವರ ಮುಖವನ್ನು. ಗುರುವೋ ಗುರ್ಕಾರನೋ ಶಿಕ್ಷಕಿಯೋ ಆಗಿದ್ದರೆ ಆ ಮುಖದ ತೂಕ ಇನ್ನೂ ಹೆಚ್ಚು. ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ನಾನು ಎಲ್ಲರೆದುರು ತಪ್ಪೊಪ್ಪಿಕೊಂಡೆ. ಅಂದು ಸಂಜೆಯೇ ಮೂವರು ಬಂದು, ಮನೆಯವರಿಗೂ ಹೇಳದೆ ಮುಚ್ಚಿಟ್ಟಿದ್ದ ತಮ್ಮ ನಷ್ಟಗಳನ್ನು ತೋಡಿಕೊಂಡರು. ನಾಚಿಕೆಯ ಮೌನವೇ ವಂಚಕನ ದೊಡ್ಡ ಬಂಡವಾಳವೆಂದು ಆಗ ತಿಳಿಯಿತು.

ಪ್ರಿಯ ಓದುಗರೇ, ಮೋಸಹೋದ ಮಗನನ್ನೋ ಸೊಸೆಯನ್ನೋ ಹಂಗಿಸಬೇಡಿ. ಜೊತೆಗೆ ಕುಳಿತು ದೂರು ಬರೆಯಲು ನೆರವಾಗಿ. ನೀವು ಸ್ವತಃ ಬಳಸಿ, ಪರೀಕ್ಷಿಸಿ ನೋಡಿರದ ಸರಕನ್ನು ಇನ್ನೊಬ್ಬರಿಗೆ ಶಿಫಾರಸು ಮಾಡಬೇಡಿ. ಆ ತಾಯಿ ನನ್ನನ್ನು ಕ್ಷಮಿಸಿದ್ದಾರೆ. ಆದರೆ ಅವರ ಪತಿಯ ಚಿತ್ರವನ್ನು ಹಿಂದಿರುಗಿಸಿಕೊಡುವ ಮಾರ್ಗ ಮಾತ್ರ ನನಗೆ ಇಂದಿಗೂ ದೊರೆತಿಲ್ಲ.